ಸೂರು ಆರಿಸುವ ಲೆಕ್ಕ

ಮನೆ ಕಟ್ಟಿ ನೋಡು ಎಂದ ಹಿರಿಯರು ಮಳಿಗೆ ಕಟ್ಟಿ ನೋಡು ಎನ್ನಲಿಲ್ಲ. ಅವರ ಕಾಲದಲ್ಲಿ ಹಳ್ಳಿಯ ಅಂಗಡಿ ಬಹುಮಟ್ಟಿಗೆ ಮನೆಯ ಜಗುಲಿಯಲ್ಲೇ ಇರುತ್ತಿತ್ತು. ಮನೆಯ ಸೂರೇ ವ್ಯಾಪಾರದ ಸೂರು. ಈಗ ಹಾಗಿಲ್ಲ. ಮದ್ದೂರು ದಾಟಿ ಮಂಡ್ಯದ ಕಡೆ ಹೊರಟರೆ ಸಿಗುವ ಗೆಜ್ಜಲಗೆರೆಯನ್ನೇ ನೋಡಿ. ಜಿಲ್ಲಾ ಹಾಲು ಒಕ್ಕೂಟದ ಡೇರಿ ಇರುವ ಊರು. ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನಾ ಸಮಾರಂಭ 2023ರ ಮಾರ್ಚ್ 12ರಂದು ನಡೆದದ್ದೂ ಇಲ್ಲಿಯೇ. ಇಂಥ ಊರುಗಳಲ್ಲಿ ಹೋಟೆಲು, ಗೋದಾಮು, ಗ್ಯಾರೇಜು ಕಟ್ಟಲು ಹೊರಟವರು ಮೊದಲೇ ತೀರ್ಮಾನಿಸಬೇಕಾದ ಪ್ರಶ್ನೆ ಒಂದಿದೆ: ಮೇಲೆ ಏನು ಹೊದಿಸುವುದು?

ಈ ಸೀಮೆಯ ಹಳೆಯ ಉದ್ಯಮದ ಕಟ್ಟಡವೆಂದರೆ ಆಲೆಮನೆ. ಕಬ್ಬಿನ ತರಗು ಅಥವಾ ತೆಂಗಿನ ಗರಿ ಹೊದಿಸಿದ ಎತ್ತರದ ಮಾಡು, ತೆರೆದ ಬದಿಗಳು. ಕೊಪ್ಪರಿಗೆಯ ಆವಿ, ಒಲೆಯ ಹೊಗೆ ಸಲೀಸಾಗಿ ಹೊರಹೋಗಬೇಕು. ಒಲೆಯ ಮುಂದೆ ನಿಂತವನಿಗೆ ಉಸಿರಾಡಲು ಗಾಳಿ ಬೇಕು. ಬೆಂಕಿಯ ಭಯವಿತ್ತು, ಆಗಾಗ ಹೊದಿಕೆ ಬದಲಿಸುವ ತಾಪತ್ರಯವೂ ಇತ್ತು. ಆದರೂ ಕೆಳಗೆ ನಡೆಯುವ ಕೆಲಸಕ್ಕೆ ತಕ್ಕಂತೆ ಮೇಲಿನ ಮಾಡು ಎಂಬ ತಿಳಿವಳಿಕೆ ಅದರಲ್ಲಿತ್ತು.

ಆನಂತರ ಬಂದದ್ದು ಮಂಗಳೂರು ಹೆಂಚು. ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಗಿಲಾರ್ಡೋನಿ ಸಹೋದರರು 1841ರಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚಿಗೆ ಹಕ್ಕುಪತ್ರ ಪಡೆದಿದ್ದರು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದು ಆ ಬಗೆಯ ಹೆಂಚನ್ನು ನಮ್ಮ ಮಣ್ಣಿನಲ್ಲಿ ತಯಾರಿಸಲು ತೊಡಗಿದರು. ವರ್ಷವರ್ಷವೂ ಕೈಯಾಡಿಸಬೇಕಾಗಿದ್ದ ನಾಡಹೆಂಚಿನ ಜಾಗಕ್ಕೆ ಇದು ಬಂತು. ಶಾಲೆ, ರೈಲು ನಿಲ್ದಾಣ, ಅಕ್ಕಿ ಗಿರಣಿಗಳನ್ನು ಹೊದ್ದುಕೊಂಡಿತು. ಹೆಂಚಿನ ಸಂದುಗಳಲ್ಲಿ ಬಿಸಿಗಾಳಿ ಹೊರಗೆ ನುಸುಳುವುದರಿಂದ ಒಳಗೆ ಧಗೆ ಕಡಿಮೆ. ಆದರೆ ಇದಕ್ಕೆ ಕಡಿದಾದ ಇಳಿಜಾರು ಬೇಕು, ಅಡಿಗೊಂದರಂತೆ ರೀಪು ಬೇಕು, ಮರ ಬೇಕು. ನಡುವೆ ಕಂಬವಿಲ್ಲದೆ ಲಾರಿ ತಿರುಗಿಸುವಷ್ಟು ಅಗಲದ ಗೋದಾಮಿಗೆ ಇದು ಸುಲಭದ ಮಾತಲ್ಲ.

ಇಲ್ಲಿ ತೂಕದ ಲೆಕ್ಕ ಬರುತ್ತದೆ. ನೂರು ಚದರ ಅಡಿ ಜಾಗಕ್ಕೆ 5 ಅಂಗುಲ ದಪ್ಪದ ಕಾಂಕ್ರೀಟ್ ಹಾಕಿದರೆ ಸುಮಾರು 3 ಟನ್ ಭಾರ. ಮಂಗಳೂರು ಹೆಂಚಾದರೆ, ಮರ ಬಿಟ್ಟು, ಸುಮಾರು 400 ಕಿಲೊ. ಅರ್ಧ ಮಿಲಿಮೀಟರ್ ದಪ್ಪದ ತಗಡಾದರೆ 50 ಕಿಲೊ ಆಸುಪಾಸು. ತೆಳ್ಳನೆಯ ಕಬ್ಬಿಣದ ಚೌಕಟ್ಟಿನ ಮೇಲೆ ವಿಶಾಲವಾದ ಶೆಡ್ಡು ಬೇಗ ಏಳುವುದು ಈ ಹಗುರದಿಂದಲೇ. ಮುಂಗಾರಿಗೆ ಮೊದಲಿನ ಬಿರುಗಾಳಿ ತಗಡನ್ನು ಕಿತ್ತೊಯ್ಯುವುದೂ ಇದರಿಂದಲೇ. ಹಾಗಾಗಿ ತಗಡಿನ ದಪ್ಪದಷ್ಟೇ ಅದನ್ನು ಬಿಗಿದ ಸ್ಕ್ರೂಗಳೂ ಮುಖ್ಯ.

ಲಂಡನ್ನಿನ ಹೆನ್ರಿ ಪಾಮರ್ 1829ರಲ್ಲಿ ಅಲೆಅಲೆಯಾಗಿ ಮಡಿಸಿದ ಕಬ್ಬಿಣದ ತಗಡಿಗೆ ಹಕ್ಕುಪತ್ರ ಪಡೆದ. ತೆಳು ತಗಡಿಗೆ ಬಲ ಬರುವುದು ಆ ಮಡಿಕೆಗಳಿಂದ. ಈಚಿನ ಬಣ್ಣದ ಶೀಟುಗಳಿಗೆ ತುಕ್ಕು ತಡೆಯಲು ಸತು ಮತ್ತು ಅಲ್ಯೂಮಿನಿಯಂ ಲೇಪವಿರುತ್ತದೆ. ಬಿಸಿಲನ್ನು ಮಾತ್ರ ಬರಿಯ ತಗಡು ತಡೆಯಲಾರದು. ಏಪ್ರಿಲ್ ಮಧ್ಯಾಹ್ನ ಅದರ ಕೆಳಗೆ ದುಡಿಯುವವರ ಪಾಡು ಹೇಳತೀರದು. ತಿಳಿಬಣ್ಣದ ಶೀಟು, ಕೆಳಗೆ ಶಾಖ ತಡೆಯುವ ಪದರ, ನೆತ್ತಿಯಲ್ಲಿ ಗಾಳಿಕಿಂಡಿ ಇದ್ದರೆ ಎಷ್ಟೋ ವಾಸಿ. ಆಲೆಮನೆಯ ಪಾಠವೂ ಇದೇ ಅಲ್ಲವೆ?

ಅಗ್ಗವೆಂದು ಜನ ಕೊಳ್ಳುತ್ತಾ ಬಂದ ಇನ್ನೊಂದು ಹೊದಿಕೆ ಕಲ್ನಾರು ಶೀಟು. ಸಿಮೆಂಟ್ ಶೀಟೆಂದೇ ಕರೆದರೂ ಒಳಗಿರುವುದು ಆಸ್‌ಬೆಸ್ಟಾಸ್ ಎಳೆ. ಅದರ ಎಲ್ಲ ಬಗೆಗಳೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಐರೋಪ್ಯ ಒಕ್ಕೂಟ 2005ರಿಂದ ಅದನ್ನು ನಿಷೇಧಿಸಿತು. ಈ ಉದ್ಯಮದ ಕಾರ್ಮಿಕರ ಆರೋಗ್ಯವೂ ಜೀವಿಸುವ ಹಕ್ಕಿನ ಭಾಗವೆಂದು ನಮ್ಮ ಸುಪ್ರೀಂ ಕೋರ್ಟು 1995ರಲ್ಲೇ ಸಾರಿತ್ತು. ಅಲುಗದೆ ಇರುವ ಶೀಟಿಗಿಂತ ಕೊಯ್ದಾಗ, ಕೊರೆದಾಗ, ಒಡೆದಾಗ ಏಳುವ ದೂಳು ಹೆಚ್ಚು ಅಪಾಯಕಾರಿ. ಆ ದೂಳು ಕುಡಿಯುವವನು ಕಟ್ಟಡದ ಯಜಮಾನನಲ್ಲ, ಏಣಿ ಹತ್ತಿದ ಕೂಲಿಯವನು. ರೋಗ ಕಾಣಿಸಿಕೊಳ್ಳುವುದೋ ದಶಕಗಳ ನಂತರ. ಹಳೆಯ ಶೆಡ್ಡು ಕೆಡವುವವರು ಶೀಟನ್ನು ಒಡೆಯದೆ, ನೀರು ಚಿಮುಕಿಸಿ ಇಡಿಯಾಗಿ ಇಳಿಸಬೇಕು.

ಹಾಗಾದರೆ ಯಾವುದು ಸರಿ? ಮುಂದೆ ಮಹಡಿ ಏರಿಸುವ ಯೋಚನೆಯಿದ್ದರೆ ಕಾಂಕ್ರೀಟ್ ತಾರಸಿ. ಭಾರ ಹೊರುವ ತಳಪಾಯವನ್ನು ಆಗಲೇ ಹಾಕಿರಬೇಕು. ಗೋದಾಮಿಗೆ ಶಾಖ ತಡೆಯುವ ಪದರವಿರುವ ಲೋಹದ ಶೀಟು. ಹಾಲು, ತರಕಾರಿಯ ಶೀತಲಗೃಹಕ್ಕೆ ಎರಡು ತಗಡಿನ ನಡುವೆ ನೊರೆ ತುಂಬಿದ ಹಲಗೆ. ಜನ ಕೂತು ಉಣ್ಣುವ ಹೋಟೆಲಿಗೆ ಹೆಂಚು ಇಂದಿಗೂ ಹಿತ. ಹೊದಿಕೆ ಯಾವುದೇ ಇರಲಿ, ಮಳೆನೀರಿಗೆ ದೋಣಿ ಕಟ್ಟುವುದನ್ನು ಮರೆಯಬಾರದು. ವರ್ಷಕ್ಕೆ 700 ಮಿಲಿಮೀಟರ್ ಮಳೆಯೆಂದು ಹಿಡಿದರೂ ಸಾವಿರ ಚದರ ಅಡಿಯ ಸೂರಿನ ಮೇಲೆ ಸುಮಾರು 65 ಸಾವಿರ ಲೀಟರ್ ನೀರು ಬೀಳುತ್ತದೆ.

ಕಟ್ಟುವವರು ಸಾಮಾನ್ಯವಾಗಿ ಕೇಳುವುದು ಚದರ ಅಡಿಗೆ ಎಷ್ಟು ಎಂದು. ಆ ಸೂರಿನ ಕೆಳಗೆ ದಿನಕ್ಕೆ ಎಷ್ಟು ಜನ, ಎಷ್ಟು ಹೊತ್ತು ಇರುತ್ತಾರೆ ಎಂಬುದನ್ನೂ ಅದೇ ಚೀಟಿಯಲ್ಲಿ ಬರೆದುಕೊಂಡರೆ ಲೆಕ್ಕ ಪೂರ್ತಿಯಾಗುತ್ತದೆ.