ಸ್ಪೀಡೋಮೀಟರ್ ಮುಳ್ಳು ಏಳ್ತಿಲ್ವಾ? ಮೀಟರ್ ಬದಲಿಸುವ ಮೊದಲು ಸೆನ್ಸರ್ ನೋಡಿ

ಕಳೆದ ಮಳೆಗಾಲದ ಒಂದು ಶನಿವಾರ, ಬೆಳಗಿನ ಜಾವ ನಾಲ್ಕು ಗಂಟೆ. ಬೀನ್ಸ್, ಕೊತ್ತಂಬರಿ, ದಂಟಿನ ಸೊಪ್ಪು ತುಂಬಿಕೊಂಡು ಮಾಲೂರಿನಿಂದ ಬೆಂಗಳೂರಿಗೆ ಹೊರಟಿದ್ದೆ. ದಾರಿಯಲ್ಲಿ ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬಿತ್ತು, ಮತ್ತೆ ಏಳಲಿಲ್ಲ. ಇಂಜಿನ್ ಚಿತ್ರದ ಹಳದಿ ದೀಪವೂ ಹತ್ತಿತು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಸಿಗ್ನಲ್‌ನಲ್ಲಿ ಗಾಡಿ ನಿಧಾನ ಮಾಡಿದಾಗಲೆಲ್ಲ ಇಂಜಿನ್ ಆಫ್! ಹಿಂದಿನಿಂದ ಲಾರಿಯವರ ಹಾರ್ನ್. ಗ್ರಾಹಕರ ಹತ್ತಿರ ತಲುಪುವಷ್ಟರಲ್ಲಿ ಎಂಟಾಗಿತ್ತು, ಅರ್ಧ ಸೊಪ್ಪು ಬಾಡಿತ್ತು.

ಊರಿಗೆ ವಾಪಸ್ ಬಂದು ಗ್ಯಾರೇಜಿಗೆ ಹೋದೆ. ಹುಡುಗ ಬಾನೆಟ್ ಕೂಡ ಎತ್ತದೆ, "ಅಕ್ಕಾ, ಮೀಟರ್ ಹೋಗಿದೆ. ಪೂರ್ತಿ ಬೋರ್ಡೇ ಬದಲಾಯಿಸ್ಬೇಕು, ಹನ್ನೆರಡು ಸಾವಿರ ಆಗುತ್ತೆ" ಅಂದ. ನನಗೆ ತೋಟ ನೆನಪಾಯ್ತು. ಎಲೆ ಹಳದಿಯಾದ ತಕ್ಷಣ ಯೂರಿಯಾ ಚೆಲ್ಲುವವರು ಇದ್ದಾರೆ. ಬೇರಿನಲ್ಲಿ ನೀರು ನಿಂತು ಕೊಳೆತಿದ್ದರೆ ಯೂರಿಯಾ ಏನು ಮಾಡೀತು? ಮೊದಲು ಬೇರು ನೋಡೋಣ ಅಂತ ಗಾಡಿ ಮನೆಗೆ ತಂದೆ.

ಈ ಸೆನ್ಸರ್ ಮಾಡೋದೇನು?

ನನ್ನದು ಎಬಿಎಸ್ ಇಲ್ಲದ ಹಳೆಯ ಪೆಟ್ರೋಲ್ ಪಿಕಪ್. ಇಂಥ ಗಾಡಿಗಳಲ್ಲಿ ವೇಗದ ಸೆನ್ಸರ್ ಗೇರ್‌ಬಾಕ್ಸ್ ಮೇಲೆ ಕೂತಿರುತ್ತೆ. ಗೇರ್‌ಬಾಕ್ಸ್‌ನಿಂದ ಚಕ್ರದ ಕಡೆಗೆ ಹೋಗುವ ಶಾಫ್ಟ್ ತಿರುಗಿದಂತೆಲ್ಲ ಮೀಟರಿಗೂ ಇಂಜಿನ್ ಕಂಪ್ಯೂಟರಿಗೂ ಸಿಗ್ನಲ್ ಕಳಿಸುತ್ತೆ. ಅದು ನಿಂತರೆ ಮುಳ್ಳು ಸೊನ್ನೆ, ಕಿಲೋಮೀಟರ್ ಎಣಿಕೆ ಬಂದ್. ಗಾಡಿ ಓಡ್ತಿದೆಯೋ ನಿಂತಿದೆಯೋ ಕಂಪ್ಯೂಟರಿಗೆ ಗೊತ್ತಾಗದೆ, ಕೆಲವು ಗಾಡಿಗಳಲ್ಲಿ ನಿಧಾನ ಮಾಡಿದಾಗ ಇಂಜಿನ್ ಆಫ್ ಆಗುತ್ತೆ. ಎಬಿಎಸ್ ಇರುವ ಹಲವು ಗಾಡಿಗಳಲ್ಲಿ ವೇಗದ ಲೆಕ್ಕ ಚಕ್ರದ ಸೆನ್ಸರ್‌ಗಳಿಂದಲೇ ಬರುತ್ತೆ; ಅಲ್ಲಿ ಪರೀಕ್ಷೆ ಬೇರೆ.

ಮೊದಲು ಮೊಬೈಲ್

ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಬಿಡಿ ಸಾಕೆಟ್ ಇರುತ್ತೆ. ಅದಕ್ಕೆ ಹಾಕುವ ಬ್ಲೂಟೂತ್ ಅಡಾಪ್ಟರ್ ಕಡಿಮೆ ಬೆಲೆಗೆ ಆನ್‌ಲೈನ್‌ನಲ್ಲಿ ಸಿಗುತ್ತೆ. ಫೋನಿಗೆ ಜೋಡಿಸಿ ನೋಡಿದರೆ ನನ್ನ ಗಾಡಿ ಪಿ0500 ಕೋಡ್ ತೋರಿಸಿತು. ಅದರರ್ಥ ವೇಗದ ಸೆನ್ಸರ್ ಸರ್ಕ್ಯೂಟ್‌ನಲ್ಲಿ ತೊಂದರೆ. ಗಮನಿಸಿ: ಸರ್ಕ್ಯೂಟ್ ಅಂದರೆ ಸೆನ್ಸರ್ ಒಂದೇ ಅಲ್ಲ. ಫ್ಯೂಸ್, ತಂತಿ, ಪ್ಲಗ್ ಎಲ್ಲವೂ ಸೇರಿದೆ.

ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಡಿ ಓಡಿಸಿದೆ. ಆ್ಯಪ್‌ನಲ್ಲೂ ವೇಗ ಸೊನ್ನೆ. ಆ್ಯಪ್‌ನಲ್ಲಿ ವೇಗ ಸರಿಯಾಗಿ ಬಂದು ಮುಳ್ಳು ಮಾತ್ರ ಏಳದಿದ್ದರೆ ಮೀಟರ್ ಮೇಲೆ ಅನುಮಾನ ಪಡಬಹುದು. ಎರಡೂ ಕಡೆ ಸೊನ್ನೆ ಇದ್ದರೆ ಸೆನ್ಸರ್ ಕಡೆಯಿಂದ ಹುಡುಕಿ.

ಆಮೇಲೆ ಮಲ್ಟಿಮೀಟರ್

1. ಫ್ಯೂಸ್ ನೋಡಿ. ತಂತಿಯನ್ನು ಇಲಿ ಕಡಿದಿದೆಯಾ, ಪ್ಲಗ್‌ನಲ್ಲಿ ಕೆಸರು ಅಥವಾ ಹಸಿರು ಕಿಲುಬು ಇದೆಯಾ ನೋಡಿ. ಗಾಡಿ ಶೆಡ್‌ನಲ್ಲಿ ಮೇವಿನ ಪಕ್ಕ ನಿಲ್ಲಿಸುವವರು ಇದನ್ನು ಬಿಡಲೇಬೇಡಿ.

2. ಪ್ಲಗ್ ಬಿಚ್ಚಿ, ಕೀ ಆನ್ ಮಾಡಿ. ಮೂರು ತಂತಿಯ ಸೆನ್ಸರ್ ಆದರೆ ಒಂದರಲ್ಲಿ ಕರೆಂಟ್ (ಗಾಡಿ ಪ್ರಕಾರ 12 ಅಥವಾ 5 ವೋಲ್ಟ್), ಒಂದು ಅರ್ಥಿಂಗ್, ಇನ್ನೊಂದು ಸಿಗ್ನಲ್. ಕರೆಂಟ್ ಅಥವಾ ಅರ್ಥಿಂಗ್ ಇಲ್ಲದಿದ್ದರೆ ತಂತಿಯ ದೋಷ. ಎರಡು ತಂತಿಯದಕ್ಕೆ ಈ ಪರೀಕ್ಷೆ ನಡೆಯಲ್ಲ.

3. ಪ್ಲಗ್ ಮತ್ತೆ ಹಾಕಿ, ಹಿಂದಿನಿಂದ ಸಿಗ್ನಲ್ ತಂತಿಗೆ ತೆಳುವಾದ ಪಿನ್ ತಾಗಿಸಿ. ಹಿಂದಿನ ಒಂದು ಚಕ್ರ ಎತ್ತಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿ. ಸೆನ್ಸರ್ ಸರಿ ಇದ್ದರೆ ವೋಲ್ಟ್ ಏರಿಳಿಯುತ್ತೆ.

ಹುಷಾರ್: ಚಕ್ರ ತಿರುಗಬೇಕಾದ್ದರಿಂದ ಹ್ಯಾಂಡ್‌ಬ್ರೇಕ್ ಬಿಟ್ಟಿರುತ್ತೀರಿ. ಗಾಡಿ ಸಮತಟ್ಟು ನೆಲದಲ್ಲಿರಲಿ, ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ, ಆಕ್ಸಲ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ತೂರಬೇಡಿ. ಇಂಜಿನ್ ಸ್ಟಾರ್ಟ್ ಮಾಡಲೇಬೇಡಿ.

ನನ್ನ ಗಾಡಿಯಲ್ಲಿ ಕರೆಂಟ್ ಇತ್ತು, ಅರ್ಥಿಂಗ್ ಇತ್ತು. ಸಿಗ್ನಲ್ ಮಾತ್ರ ಅಲ್ಲಾಡಲಿಲ್ಲ.

ಬದಲಿಸಿದ್ದು ಹೀಗೆ

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಪ್ಲಗ್‌ನ ಫೋಟೋ ತೆಗೆದು, ಬ್ಯಾಟರಿ ನೆಗೆಟಿವ್ ಬಿಚ್ಚಿದೆ. ಸುತ್ತಲಿನ ಮಣ್ಣು ಒರೆಸಿ ಒಂದೇ ಬೋಲ್ಟ್ ತೆಗೆದೆ; ಒರೆಸದಿದ್ದರೆ ಮಣ್ಣು ನೇರ ಗೇರ್‌ಬಾಕ್ಸ್ ಒಳಗೆ. ಸೆನ್ಸರ್ ಹೊರಗೆ ಬಂದಾಗ ಉತ್ತರ ಕಣ್ಣೆದುರಿಗಿತ್ತು: ತುದಿಯ ಪ್ಲಾಸ್ಟಿಕ್ ಗೇರಿನ ಹಲ್ಲು ಸವೆದು ನುಣ್ಣಗಾಗಿತ್ತು.

ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಪಾರ್ಟ್ ನಂಬರ್, ಗೇರಿನ ಹಲ್ಲಿನ ಎಣಿಕೆ ಎರಡೂ ಹೊಂದಬೇಕು. ಹಲ್ಲು ಒಂದು ಹೆಚ್ಚುಕಮ್ಮಿಯಾದರೂ ವೇಗ ತಪ್ಪಾಗಿ ತೋರಿಸುತ್ತೆ. ಹೊಸ ರಬ್ಬರ್ ರಿಂಗಿಗೆ ಸ್ವಲ್ಪ ಗೇರ್ ಆಯಿಲ್ ಸವರಿ, ಕೈಯಲ್ಲೇ ಕೂರಿಸಿ, ಬೋಲ್ಟ್ ಹದವಾಗಿ ಬಿಗಿ ಮಾಡಿ. ಅಲ್ಯೂಮಿನಿಯಂನಲ್ಲಿ ಜಾಸ್ತಿ ಬಿಗಿ ಮಾಡಿದರೆ ಮರೆ ಹೋಗುತ್ತೆ. ಕೊನೆಗೆ ಆ್ಯಪ್‌ನಲ್ಲಿ ಕೋಡ್ ಅಳಿಸಿ, ಗಾಡಿ ಓಡಿಸಿ, ಜಿಪಿಎಸ್ ವೇಗದ ಜೊತೆ ಹೋಲಿಸಿ ನೋಡಿ. ಎಣ್ಣೆ ಜಿನುಗುತ್ತಿದೆಯಾ ಅಂತಲೂ ಪರೀಕ್ಷಿಸಿ.

ನನಗೆ ಖರ್ಚಾಗಿದ್ದು ಎಂಟುನೂರು ರೂಪಾಯಿ ಮತ್ತು ಒಂದು ಮಧ್ಯಾಹ್ನ. ಮುಂದಿನ ಶನಿವಾರ ಒಂದು ಸಲವೂ ಇಂಜಿನ್ ಆಫ್ ಆಗಲಿಲ್ಲ, ಸೊಪ್ಪು ಹಸಿರಾಗೇ ತಲುಪಿತು. ವಾರಂಟಿ ಇರುವ ಗಾಡಿಯಾದರೆ ನೀವು ಕೈ ಹಾಕಬೇಡಿ, ಸರ್ವಿಸ್‌ಗೆ ಕೊಡಿ. ಆದರೂ ಕೋಡ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಂಡೇ ಹೋಗಿ. ಯಾರಾದರೂ "ಪೂರ್ತಿ ಬದಲಾಯಿಸ್ಬೇಕು" ಅಂದರೆ, "ಯಾಕೆ, ಏನು ಚೆಕ್ ಮಾಡಿದ್ರಿ?" ಅಂತ ಕೇಳಿ.