ನಾಯಿಯ ಬೆಲೆಯೂ ಸಾಕಣೆಯ ವೆಚ್ಚವೂ

ನಾಯಿಮರಿಯನ್ನು ಕೊಳ್ಳುವಾಗ ಚೌಕಾಸಿ ಮಾಡುವವರು ಮುಂದಿನ ಹತ್ತು ಹನ್ನೆರಡು ವರ್ಷಗಳ ಆವರ್ತಕ ವೆಚ್ಚವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸೇತುವೆ ಕಟ್ಟಿ ನಿರ್ವಹಣೆಗೆ ಹಣವಿಡಲು ಮರೆಯುವ ಸರ್ಕಾರದ ಜಾಯಮಾನವೇ ಇದು. ಉಳಿತಾಯಕ್ಕೆ ಮೊದಲು ಬಲಿಯಾಗುವುದು ಲಸಿಕೆ. ಪಾರ್ವೊ ವೈರಾಣು ಎಳೆಯ ಮರಿಯ ಕರುಳನ್ನು ಹಾಳುಗೆಡವಿ, ವಾಂತಿ, ರಕ್ತಭೇದಿಗಳಿಂದ ಕೆಲವೇ ದಿನಗಳಲ್ಲಿ ಕೊಲ್ಲಬಲ್ಲದು. ತಾಯಿಯಿಂದ ಬಂದ ಪ್ರತಿಕಾಯಗಳು ಆರಂಭದ ಲಸಿಕೆಯನ್ನು ನಿಷ್ಫಲಗೊಳಿಸುವುದುಂಟು. ಆದ್ದರಿಂದಲೇ 6ರಿಂದ 8ನೇ ವಾರದಲ್ಲಿ ಆರಂಭಿಸಿ 16 ವಾರ ತುಂಬುವವರೆಗೆ ಅದನ್ನು ಮತ್ತೆ ಮತ್ತೆ ಹಾಕಿಸಬೇಕು. ‘ಒಂದು ಸಲ ಹಾಕಿಸಿದ್ದೇವಲ್ಲ’ ಎಂಬ ಸಮಾಧಾನ ಸಾಲದು. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಬಳಿಕ ವೈದ್ಯರು ಹೇಳಿದಂತೆ ನಿಯತವಾಗಿ. ಲಕ್ಷಣ ಕಾಣಿಸಿಕೊಂಡ ಮೇಲೆ ಆ ರೋಗಕ್ಕೆ ಖಚಿತ ಚಿಕಿತ್ಸೆಯಿಲ್ಲ. ನಾಯಿಗೂ ಇಲ್ಲ, ಯಜಮಾನನಿಗೂ ಇಲ್ಲ.

ಆಹಾರದಲ್ಲಿ ನಮ್ಮ ಪ್ರೀತಿಯೇ ಅಪಾಯಕಾರಿ. ಪಾಯಸದ ಒಣದ್ರಾಕ್ಷಿ ಅದರ ಮೂತ್ರಪಿಂಡಕ್ಕೆ ವಿಷವಾಗಬಲ್ಲದು. ಈರುಳ್ಳಿ, ಚಾಕೊಲೇಟ್‌ಗಳೂ ವರ್ಜ್ಯ.

ಇನ್ನು ವ್ಯಾಯಾಮ. ಸದಾ ಕಟ್ಟಿಹಾಕಿದ ನಾಯಿಯನ್ನು ತಕ್ಕಮಟ್ಟಿಗೆ ಅಡ್ಡಾಡಿಸದಿರುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನನ್ವಯ ಅಪರಾಧ. ಮೊದಲ ಅಪರಾಧಕ್ಕೆ ಆ ಕಾಯ್ದೆ ಗೊತ್ತುಪಡಿಸಿದ ದಂಡ 10ರಿಂದ 50 ರೂಪಾಯಿ. ಅಷ್ಟಕ್ಕೆ ಇಂದು ಒಂದು ಒಳ್ಳೆಯ ಸರಪಳಿಯೂ ಬಾರದು.