ಫಿಸ್ಟುಲಾ: ಅದರ ವಿಧಗಳು ಮತ್ತು ಚಿಕಿತ್ಸೆ ಪಡೆಯುವ ಕ್ರಮ (ಸಾರ್ವಜನಿಕರ ಮಾಹಿತಿಗಾಗಿ)

ರಾವೂರ, ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ ಹಾಗೂ ಚಿಂಚೋಳಿ ಭಾಗದ ಸಾರ್ವಜನಿಕರ ಗಮನಕ್ಕೆ ತರುವುದೇನೆಂದರೆ, ಚಿಕಿತ್ಸೆಯ ನೆರವು ಕೋರುವಾಗ ಕಾಯಿಲೆಯ ಹೆಸರಿನ ಕಾಲಂನಲ್ಲಿ ಕೇವಲ ‘ಫಿಸ್ಟುಲಾ’ ಎಂದು ಬರೆದರೆ ಸಾಲದು. ಶರೀರದ ಎರಡು ಅಂಗಗಳ ನಡುವೆ, ಅಥವಾ ಒಳಗಿನ ಅಂಗ ಮತ್ತು ಚರ್ಮದ ನಡುವೆ, ಸಹಜವಾಗಿ ಇರಬಾರದ ನಾಳವೊಂದು ಉಂಟಾದರೆ ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಅದು ಎಲ್ಲಿ ಉಂಟಾಗಿದೆ ಎಂಬುದರ ಮೇಲೆ ನೋಡಬೇಕಾದ ವೈದ್ಯರು ಮತ್ತು ಚಿಕಿತ್ಸೆ ಎರಡೂ ಬದಲಾಗುತ್ತವೆ. ಒಂದು ವಿಧವನ್ನಂತೂ ರೋಗಿಯ ಒಳಿತಿಗಾಗಿ ವೈದ್ಯರೇ ನಿರ್ಮಿಸುತ್ತಾರೆ.

ಭಗಂದರ

ಹೆಚ್ಚಾಗಿ ಕಂಡುಬರುವುದು ಗುದದ್ವಾರದ ಫಿಸ್ಟುಲಾ. ಆಯುರ್ವೇದದಲ್ಲಿ ಇದಕ್ಕೆ ಭಗಂದರ ಎಂದು ಹೆಸರು. ಸುಶ್ರುತ ಸಂಹಿತೆಯಲ್ಲಿ ಇದರ ಐದು ಬಗೆಗಳನ್ನು ಹೇಳಲಾಗಿದೆ. ಗುದದ ಒಳಗಿನ ಗ್ರಂಥಿಯಲ್ಲಿ ಕೀವು ತುಂಬಿ ಕುರುವಾಗಿ, ಒಡೆದು, ಚರ್ಮದವರೆಗೆ ದಾರಿ ಮಾಡಿಕೊಳ್ಳುತ್ತದೆ. ಕುರು ಒಣಗಿದಂತೆ ಕಂಡು ಕೆಲವು ವಾರಗಳಲ್ಲಿ ಮತ್ತೆ ಅದೇ ಜಾಗದಲ್ಲಿ ಕೀವು ಬಂದರೆ ಸಂಶಯಪಡತಕ್ಕದ್ದು. ಕೆಲವರಲ್ಲಿ ಕ್ಷಯರೋಗವೂ ಇದಕ್ಕೆ ಕಾರಣವಾಗಿರುತ್ತದೆ.

ಇದನ್ನು ಮೂಲವ್ಯಾಧಿ ಎಂದು ಭಾವಿಸಿ, ಬಸ್ ನಿಲ್ದಾಣದ ಬಳಿ ಬೋರ್ಡ್ ಹಾಕಿಕೊಂಡವರಲ್ಲಿಗೆ ಹೋಗುವವರಿದ್ದಾರೆ. ಮೂಲವ್ಯಾಧಿ ಊದಿಕೊಂಡ ರಕ್ತನಾಳಗಳ ತೊಂದರೆ. ಭಗಂದರ ಕೀವಿನ ದಾರಿ. ಮಾತ್ರೆಯಿಂದ ಮಾತ್ರ ಈ ದಾರಿ ಮುಚ್ಚುವುದು ವಿರಳ. ಇದು ಮಲವನ್ನು ತಡೆದಿಡುವ ಸ್ನಾಯುವನ್ನು ಎಷ್ಟರಮಟ್ಟಿಗೆ ದಾಟಿದೆ ಎಂದು ಮೊದಲು ನೋಡಬೇಕು. ಅರಿಯದವರು ಕತ್ತರಿಸಿದರೆ ಮಲದ ಹಿಡಿತವೇ ತಪ್ಪಬಹುದು. ಶಸ್ತ್ರಚಿಕಿತ್ಸೆಯಲ್ಲದೆ ಆಯುರ್ವೇದದ ಕ್ಷಾರಸೂತ್ರ ವಿಧಾನವೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ನಡೆಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕ್ಷಾರಸೂತ್ರದಲ್ಲಿ ಗಾಯ ಮಾಯಲು ಹೆಚ್ಚು ಕಾಲ ಹಿಡಿದರೂ ಕಾಯಿಲೆ ಮರುಕಳಿಸುವುದು ಕಡಿಮೆ.

ಹೆರಿಗೆಯ ಫಿಸ್ಟುಲಾ

ಇದರ ಬಗ್ಗೆ ಬಾಯಿಬಿಟ್ಟು ಹೇಳುವವರು ಕಡಿಮೆ. ಹೆರಿಗೆ ನೋವು ಒಂದೆರಡು ದಿನ ಮುಂದುವರಿದೂ ಮಗು ಹೊರಬಾರದಿದ್ದಾಗ, ಮಗುವಿನ ತಲೆಯ ಒತ್ತಡದಿಂದ ಮೂತ್ರಕೋಶ ಮತ್ತು ಯೋನಿಯ ನಡುವಿನ ಭಾಗಕ್ಕೆ ರಕ್ತ ಸಂಚಾರ ನಿಂತು ಆ ಭಾಗ ಸಾಯುತ್ತದೆ. ಕೆಲವು ದಿನಗಳ ನಂತರ ಅಲ್ಲಿ ರಂಧ್ರವಾಗಿ, ತಡೆಯಲಾಗದಂತೆ ಮೂತ್ರ ಸೋರತೊಡಗುತ್ತದೆ. ಇದೇ ರೀತಿ ಮಲದ ದಾರಿಗೂ ಆಗಬಹುದು. ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ಮೂತ್ರಕೋಶಕ್ಕೆ ಪೆಟ್ಟಾದರೂ ಫಿಸ್ಟುಲಾ ಉಂಟಾಗುತ್ತದೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಮಹಿಳೆಯರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆಯಲಾಗಿದೆ ಎಂಬ ದೂರುಗಳು 2015ರಲ್ಲಿ ಬೆಳಕಿಗೆ ಬಂದಿದ್ದವು. ಆದ್ದರಿಂದ ಅಂಥ ಸಲಹೆ ಬಂದಾಗ ಸರ್ಕಾರಿ ಆಸ್ಪತ್ರೆಯಲ್ಲಿ ಇನ್ನೊಂದು ಅಭಿಪ್ರಾಯ ಪಡೆಯುವುದು ಸೂಕ್ತ.

ವಾಸನೆಯ ನೆಪದಲ್ಲಿ ಬಾಣಂತಿಯನ್ನು ಬೇರೆ ಮಲಗಿಸುವುದಾಗಲಿ, ತವರಿಗೆ ಕಳುಹಿಸುವುದಾಗಲಿ ಪರಿಹಾರವಲ್ಲ. ಇದು ಶಾಪವೂ ಅಲ್ಲ, ಅಂಟುರೋಗವೂ ಅಲ್ಲ. ಸೋರಿಕೆ ಆರಂಭವಾದ ಕೂಡಲೇ ಬಂದರೆ, ಸಣ್ಣ ರಂಧ್ರವು ಮೂತ್ರನಾಳಿಕೆ ಅಳವಡಿಸುವುದರಿಂದಲೇ ಮುಚ್ಚಿಕೊಳ್ಳಬಹುದು. ತಡವಾಗಿದ್ದರೂ ಶಸ್ತ್ರಚಿಕಿತ್ಸೆಯಿಂದ ಬಹುತೇಕರು ಗುಣಮುಖರಾಗುತ್ತಾರೆ. ಎಷ್ಟೋ ವರ್ಷಗಳಿಂದ ಸಹಿಸಿಕೊಂಡವರೂ ಬರಬಹುದು. ಆಶಾ ಕಾರ್ಯಕರ್ತೆಯರಲ್ಲಿ ಗುಟ್ಟಾಗಿ ತಿಳಿಸಿದರೂ ಸಾಕು. ವಿಶ್ವಸಂಸ್ಥೆಯು 2013ರಿಂದ ಪ್ರತಿ ವರ್ಷ ಮೇ 23ನ್ನು ಈ ಕಾಯಿಲೆಯ ನಿರ್ಮೂಲನಾ ದಿನವಾಗಿ ಆಚರಿಸುತ್ತಿದೆ.

ಡಯಾಲಿಸಿಸ್ ಫಿಸ್ಟುಲಾ

ಇದು ಕಾಯಿಲೆಯಲ್ಲ. ಮೂತ್ರಪಿಂಡ ವೈಫಲ್ಯವಾದವರ ಕೈಯಲ್ಲಿ ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿ, ಸೂಜಿ ಹಾಕಲು ಅನುಕೂಲವಾಗುವಂತೆ ಮಾಡುವ ವ್ಯವಸ್ಥೆ. ಬಳಕೆಗೆ ಸಿದ್ಧವಾಗಲು ಹಲವು ವಾರಗಳು ಬೇಕು. ಆ ಕೈಯಲ್ಲಿ ರಕ್ತದೊತ್ತಡ ಅಳೆಯಲು ಅಥವಾ ಇತರ ಕಾರಣಕ್ಕೆ ರಕ್ತ ತೆಗೆಯಲು ಬಿಡಬಾರದು. ಬಿಗಿಯಾದ ಬಳೆ, ಗಡಿಯಾರ ಧರಿಸಬಾರದು. ಪರ್ಸಿ ಕಲ್ಲು ಎತ್ತುವ ಕೆಲಸದವರು ಆ ಕೈಯಿಂದ ಭಾರ ಹೊರಬಾರದು. ಅಲ್ಲಿ ಬೆರಳಿಟ್ಟರೆ ತಿಳಿಯುವ ಕಂಪನ ನಿಂತಿದ್ದರೆ ಅದೇ ದಿನ ಡಯಾಲಿಸಿಸ್ ಕೇಂದ್ರಕ್ಕೆ ತಿಳಿಸತಕ್ಕದ್ದು, ಮರುದಿನದವರೆಗೆ ಕಾಯಬಾರದು.

ನವಜಾತ ಶಿಶುಗಳಲ್ಲಿ ಅನ್ನನಾಳ ಮತ್ತು ಶ್ವಾಸನಾಳದ ನಡುವೆ ಹುಟ್ಟಿನಿಂದಲೇ ಫಿಸ್ಟುಲಾ ಇರಬಹುದು. ಬಾಯಲ್ಲಿ ನೊರೆ ಬರುತ್ತಿದ್ದು, ಹಾಲು ಕುಡಿಸಿದಾಗ ಮಗು ಉಸಿರುಗಟ್ಟಿ ನೀಲಿಯಾದರೆ ಹಾಲು ನಿಲ್ಲಿಸಿ 108ಕ್ಕೆ ಕರೆ ಮಾಡಿರಿ.

ಸೌಲಭ್ಯ ಪಡೆಯುವ ಕ್ರಮ

ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲೂಕು ಆಸ್ಪತ್ರೆಗೆ ಬರತಕ್ಕದ್ದು. ಅಲ್ಲಿ ಲಭ್ಯವಿಲ್ಲದ ಚಿಕಿತ್ಸೆಗೆ ಕಲಬುರಗಿಯ ಜಿಮ್ಸ್ ಮುಂತಾದ ದೊಡ್ಡ ಆಸ್ಪತ್ರೆಗೆ ರೆಫರಲ್ ಪತ್ರ ನೀಡಲಾಗುತ್ತದೆ. ಪತ್ರದಲ್ಲಿ ಫಿಸ್ಟುಲಾ ಯಾವ ಅಂಗದ್ದು ಎಂದು ವೈದ್ಯರಿಂದ ಸ್ಪಷ್ಟವಾಗಿ ಬರೆಸಿಕೊಳ್ಳಿರಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟು ದೊರೆಯುತ್ತದೆ. ಮುಜುಗರದ ಕಾಯಿಲೆಯಾದಲ್ಲಿ ಮಹಿಳೆಯರು ಮಹಿಳಾ ವೈದ್ಯರನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಹೆಚ್ಚಿನ ಮಾಹಿತಿಗೆ ಆರೋಗ್ಯ ಸಹಾಯವಾಣಿ 104.